ಎಣ್ಣೆ ಯಾರ ಪಾಲಿನದು?

ಡೀಸೆಲ್ ಎಂಜಿನು ಸಸ್ಯತೈಲದಿಂದ ನಡೆಯಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ದೊರೆತು ನೂರು ವರ್ಷಗಳು ಮೀರಿವೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೊ ಕಂಪನಿಯು ಸಣ್ಣದೊಂದು ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿತ್ತು. ಹಾಗೆ ನಡೆಸಲು ಕೋರಿದ್ದು ಫ್ರೆಂಚ್ ಸರ್ಕಾರ. ಆಫ್ರಿಕದ ತನ್ನ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದಲೇ ಅಲ್ಲಿನ ಯಂತ್ರಗಳನ್ನು ನಡೆಸಬಹುದೆಂಬುದು ಅದರ ಎಣಿಕೆಯಾಗಿತ್ತು. ಖನಿಜತೈಲಕ್ಕೆಂದು ರೂಪಿಸಿದ ಆ ಎಂಜಿನು ಯಾವ ಮಾರ್ಪಾಡೂ ಇಲ್ಲದೆ ನಡೆಯಿತೆಂದು ರುಡಾಲ್ಫ್ ಡೀಸೆಲ್ ಮುಂದೆ ಬರೆದಿಟ್ಟಿದ್ದಾನೆ. ಆದುದರಿಂದ ನಾವಿಂದು ಕೇಳಬೇಕಾದ ಪ್ರಶ್ನೆ ಬೇರೆ: ಕಾರಿಗೆ ಸುರಿಯುವ ಆ ಎಣ್ಣೆ ಯಾರ ಪಾಲಿನದು?

ಡೀಸೆಲ್ ಬೆಲೆ ಏರಿದಾಗಲೆಲ್ಲ ಅಡುಗೆಯೆಣ್ಣೆಯಿಂದ ಕಾರು ಓಡಿಸುವ ಮಾತು ನಮ್ಮಲ್ಲಿ ತಲೆಯೆತ್ತುತ್ತದೆ. ಸಸ್ಯತೈಲವು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದವಾದುದು. ಕಾಯಿಸಿ ತೆಳುವಾಗಿಸದೆ ಹಾಕಿದರೆ ಇಂಜೆಕ್ಟರಿನ ಬಾಯಲ್ಲಿ ಮಸಿ ಕಟ್ಟುತ್ತದೆ. ಉರಿಯದೆ ಉಳಿದದ್ದು ಕೀಲೆಣ್ಣೆಯೊಡನೆ ಬೆರೆತು ಅದನ್ನು ಅಂಟಾಗಿಸುತ್ತದೆ. ಇದಕ್ಕಾಗಿ ಕೆಲವರು ಎರಡು ಟ್ಯಾಂಕುಗಳನ್ನು ಇಡುತ್ತಾರೆ. ಡೀಸೆಲ್‌ನಲ್ಲಿ ಹೊರಟು, ಎಂಜಿನು ಬಿಸಿಯಾದ ಮೇಲೆ ಎಣ್ಣೆಗೆ ಹೊರಳಿ, ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್‌ಗೆ ಬರಬೇಕು. ಹಳೆಯ ಗಟ್ಟಿ ಎಂಜಿನುಗಳು ಇದನ್ನು ತಾಳಿಕೊಂಡಾವು. ಸೂಕ್ಷ್ಮ ಇಂಜೆಕ್ಟರುಗಳಿಂದ ಭಾರಿ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಇಂದಿನ ಎಂಜಿನುಗಳಿಗೆ ಇದು ಅಪಾಯಕರ.

ಯಂತ್ರದ ತೊಡಕು ನೀಗಿದರೂ ನೀತಿಯ ತೊಡಕು ನೀಗದು. ನಮ್ಮ ದೇಶ ತಾನು ಬಳಸುವ ಖಾದ್ಯತೈಲದ ಅರ್ಧಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ಕೊಳ್ಳುತ್ತದೆ. ಬಡವನ ಮನೆಯ ಒಗ್ಗರಣೆಗೇ ಸಾಲದ ಎಣ್ಣೆಯನ್ನು ಕಾರಿಗೆ ಸುರಿಯುವುದನ್ನು ಉಳಿತಾಯವೆನ್ನಲಾಗದು, ಪರಿಸರಪ್ರೇಮವೆಂದಂತೂ ಕರೆಯಲಾಗದು.

ತಿನ್ನದ ಎಣ್ಣೆಯ ದಾರಿಯನ್ನು ನಮ್ಮ ನಾಡೇ ತೋರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹಳ್ಳಿಗಳ ಡೀಸೆಲ್ ಜನರೇಟರುಗಳನ್ನು ಹೊಂಗೆಯೆಣ್ಣೆಯಿಂದ ನಡೆಸಿ ತೋರಿಸಿದರು. ಹೊಂಗೆ ಬದುವಿನಲ್ಲೂ ಬೆಳೆಯುತ್ತದೆ, ಮಣ್ಣಿಗೆ ಸಾರಜನಕ ಕೊಡುತ್ತದೆ, ಅದರ ಹಿಂಡಿ ಗೊಬ್ಬರವಾಗುತ್ತದೆ. ಊರಿನ ಬೀಜ, ಊರಿನ ಗಾಣ, ಊರಿನ ಪಂಪು ಎಂಬ ಅಳತೆಯಲ್ಲೇ ಅದರ ಬಲವಿದೆ. ಇಡೀ ದೇಶದ ವಾಹನಗಳ ಹಸಿವನ್ನು ಹೊಂಗೆ, ಜಟ್ರೋಫಾಗಳ ಮೇಲೆ ಹೊರಿಸಹೋದಾಗ ಆದದ್ದೇ ಬೇರೆ. 2017ರ ವೇಳೆಗೆ ಶೇಕಡಾ 20ರಷ್ಟು ಜೈವಿಕ ಇಂಧನ ಬೆರೆಸಬೇಕೆಂದು 2009ರ ರಾಷ್ಟ್ರೀಯ ನೀತಿ ಸೂಚಿಸಿತು. 2018ರ ನೀತಿ ಬಯೋಡೀಸೆಲ್ ಗುರಿಯನ್ನು 2030ಕ್ಕೆ ಶೇಕಡಾ 5 ಎಂದು ಬರೆಯಿತು. ಗುರಿ ಬರೆಯುವುದು ಸುಲಭ, ಮುಟ್ಟುವುದು ಕಷ್ಟವೆಂಬುದು ಸರ್ಕಾರಿ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಹೊಸತಲ್ಲ.

ಇನ್ನುಳಿದದ್ದು ಕರಿದ ಎಣ್ಣೆ. ನಗರವಾಸಿಗಳಾದ ನಮ್ಮ ಕೈಯಲ್ಲಿರುವುದು ಇದೇ. ಪದೇ ಪದೇ ಕಾಯಿಸಿದ ಎಣ್ಣೆ ದೇಹಕ್ಕೆ ಹಾನಿಕರವೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಅದರಲ್ಲಿನ ಧ್ರುವೀಯ ಸಂಯುಕ್ತಗಳಿಗೆ ಶೇಕಡಾ 25ರ ಮಿತಿ ವಿಧಿಸಿತು. ಮಿತಿ ಮೀರಿದ ಎಣ್ಣೆಯನ್ನು ಬಯೋಡೀಸೆಲ್ ತಯಾರಕರಿಗೆ ತಲುಪಿಸುವ ಯೋಜನೆಯನ್ನೂ ಅದೇ ವರ್ಷ ಆರಂಭಿಸಿತು. ಆದರೂ ದೊಡ್ಡ ಅಡುಗೆಮನೆಯಲ್ಲಿ ಕಪ್ಪಾದ ಎಣ್ಣೆ ಅಗ್ಗದ ಬೆಲೆಗೆ ಬೀದಿಬದಿಯ ಬಾಣಲೆ ಸೇರುವುದು ನಿಂತಿಲ್ಲ. ಹೀಗೆ ಕೈಬದಲಾದ ಎಣ್ಣೆ ಕೊನೆಗೆ ಸೇರುವುದು ದಿನಗೂಲಿಯವನ ಹೊಟ್ಟೆಯನ್ನು.

‘ಆ ಎಣ್ಣೆಯನ್ನೇ ಸೋಸಿ ಕಾರಿಗೆ ಹಾಕಬಾರದೇಕೆ?’ ಎಂದು ಕೇಳುವವರುಂಟು. ಅದರಲ್ಲಿ ನೀರಿದೆ, ಆಮ್ಲವಿದೆ. ಬಟ್ಟೆಯಲ್ಲಿ ಸೋಸಿದರೆ ಇವು ಹೋಗುವುದಿಲ್ಲ. ಮೆಥನಾಲ್ ಮತ್ತು ಕ್ಷಾರದೊಡನೆ ಪ್ರತಿಕ್ರಿಯಿಸಿ ಗ್ಲಿಸರಿನ್ ಬೇರ್ಪಟ್ಟರೆ ಮಾತ್ರ ಅದು ಒಳ್ಳೆಯ ಇಂಧನವಾಗುತ್ತದೆ. ಮೆಥನಾಲ್ ವಿಷವೂ ಹೌದು, ಬೇಗ ಹೊತ್ತಿಕೊಳ್ಳುವಂಥದೂ ಹೌದು. ಆದ್ದರಿಂದ ಇದು ಕಾರ್ಖಾನೆಯ ಕೆಲಸ, ಫ್ಲಾಟಿನ ಬಾಲ್ಕನಿಯದಲ್ಲ.

ನಾವು ಹೇಳುವುದಿಷ್ಟೆ. ಮುಂಬಯಿಯ ಉಡುಪಿ ಹೋಟೆಲುಗಳಿಂದ ಹಿಡಿದು ದೆಹಲಿ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ಸಂಘಗಳ ಹಬ್ಬದೂಟದವರೆಗೆ ನಮ್ಮ ಬಾಣಲೆಗಳು ದೊಡ್ಡವೇ. ಅಡುಗೆಯವರೊಡನೆ ದರ ಮಾತಾಡುವಾಗಲೇ ಉಳಿದ ಎಣ್ಣೆ ಯಾರ ಕೈಗೆ ಹೋಗುತ್ತದೆಂದು ಸಂಘಗಳು ಕೇಳಲಿ. ಅಧಿಕೃತ ಸಂಗ್ರಾಹಕರಿಗೆ ಕೊಟ್ಟ ರಸೀದಿಯನ್ನು ಲೆಕ್ಕಪತ್ರದೊಡನೆ ಇಡಲಿ. ನಮ್ಮ ಕಾರಿಗೆ ಇದರಿಂದ ಒಂದು ಹನಿಯೂ ದೊರೆಯದಿರಬಹುದು. ಆದರೆ ಯಾರದೋ ತಟ್ಟೆಗೆ ಮರಳಬೇಕಿದ್ದ ವಿಷವು ಎಂಜಿನಿನಲ್ಲಿ ಉರಿದುಹೋಗುತ್ತದೆ.