ಗುಂಡಿಗೆ ಇಳಿಯೋರು ಯಾರು?

‘ಪದ್ಯ ಬರೆಯೋ ಬಿ.ಎ. ಹುಡುಗ ನೀನು, ಯಂತ್ರದ ಮಾತು ನಿನಗ್ಯಾಕೆ?’ ಅಂತ ಕೇಳ್ತಾರೆ. ಯಂತ್ರ ಇಂಜಿನಿಯರುಗಳ ಸ್ವತ್ತು ಅಂತ ನಾವು ಸುಮ್ಮನಿದ್ದುದರ ಫಲ ಏನು, ನೋಡೋಣ.

ಎಪ್ಪತ್ತರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ತಲೆಯಿಂದ ಬುಟ್ಟಿ ಇಳಿಯಿತು. ಊರಿಗೆ ಒಳಚರಂಡಿ ಬಂತು, ಅಪಾರ್ಟ್‌ಮೆಂಟಿಗೆ ಕೊಳಚೆ ನೀರು ಶುದ್ಧಿಸುವ ಘಟಕ ಬಂತು. ತಂತ್ರಜ್ಞಾನ ಬದಲಾಯ್ತು, ಜಾತಿ ಬದಲಾಗಲಿಲ್ಲ. ಬುಟ್ಟಿ ಇಳಿದ ಮೇಲೆ ಮನುಷ್ಯನೇ ಗುಂಡಿಗೆ ಇಳಿದ. ಅವನ ಕೇರಿ ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಇರ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಕೆಲಸ ನಿಲ್ಲಿಸ್ತದೆ, ವಾಸನೆ ತಿಳಿಯೋದೇ ಇಲ್ಲ. ‘ಗ್ಯಾಸ್ ಹೋಯ್ತು’ ಅಂದುಕೊಂಡು ಇಳಿದವನು ಅಲ್ಲೇ ಕುಸೀತಾನೆ. ಅವನನ್ನು ಎತ್ತಲು ಇಳಿದವನೂ ಹೋಗ್ತಾನೆ. ಇದೆಲ್ಲ ಪುಸ್ತಕದಲ್ಲಿದೆ. ಓದಿದವರು ಇಳಿಯೋದಿಲ್ಲ, ಇಳಿಯೋರಿಗೆ ಯಾರೂ ಹೇಳೋದಿಲ್ಲ.

ಯಂತ್ರ ಇಲ್ಲವೆ? ಇದೆ. ನೀರಿನ ಒತ್ತಡದಿಂದ ಕಟ್ಟಿದ್ದನ್ನು ಬಿಡಿಸೋ ಜೆಟ್ಟಿಂಗ್ ಯಂತ್ರ ಇದೆ, ಹೀರಿ ತೆಗೆಯೋ ಸಕ್ಕಿಂಗ್ ಯಂತ್ರ ಇದೆ. 2018ರಲ್ಲಿ ತಿರುವನಂತಪುರದಲ್ಲಿ ಮ್ಯಾನ್‌ಹೋಲ್ ಶುಚಿ ಮಾಡೋ ಬ್ಯಾಂಡಿಕೂಟ್ ಎಂಬ ರೋಬೋಟನ್ನೂ ಕೆಲಸಕ್ಕೆ ಹಚ್ಚಿದರು. ಆದರೆ ಜಾತಿ ಇರೋವರೆಗೆ ಅಗ್ಗದ ಮನುಷ್ಯ ಸಿಗ್ತಾನೆ. ಅಗ್ಗದ ಮನುಷ್ಯ ಸಿಗೋವರೆಗೆ ಯಂತ್ರ ಶೆಡ್ಡಿನಲ್ಲೇ ನಿಂತಿರ್ತದೆ.

ಕಾನೂನೂ ಇದೆ. 1993ರದೊಂದು, 2013ರದೊಂದು. 2013ರ ಕಾಯ್ದೆಯನ್ನು ಓದಿ: ರಕ್ಷಣಾ ಸಾಧನ ಕೊಡದೆ, ಮುನ್ನೆಚ್ಚರಿಕೆ ಇಲ್ಲದೆ ಮಾಡಿಸುವ ಶುಚಿಗೆ ಮಾತ್ರ ‘ಅಪಾಯಕಾರಿ’ ಅಂತ ಹೆಸರು. ಅಂದರೆ ಸಾಧನ ಕೊಟ್ಟು ಇಳಿಸಬಹುದು ಅಂತಾಯ್ತು! ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು. ಇಳಿಯೋದು ನಿಲ್ಲಲಿಲ್ಲ.

ಹಾಗಂತ ಬಾಬಾಸಾಹೇಬರು ಯಂತ್ರವನ್ನು ಬೈದವರಲ್ಲ. 1945ರಲ್ಲಿ ಗಾಂಧಿಯವರ ಯಂತ್ರವಿರೋಧವನ್ನು ಖಂಡಿಸಿ ಬರೆದರು. ಪಶುವಿನಂತೆ ದುಡಿಯುವವನಿಗೆ ಬಿಡುವು ಕೊಡೋದು ಯಂತ್ರ. ಬದಲಾಗಬೇಕಾದ್ದು ಅದನ್ನು ಹಿಡಿದಿರುವ ಸಮಾಜ ಎಂಬುದು ಅವರ ವಾದ.

ಇಂಜಿನಿಯರಿಂಗ್ ಓದುವ ತಮ್ಮಂದಿರೆ, ತಂಗಿಯರೆ, ಪೈಪಿನ ಅಗಲ ಎಷ್ಟು, ಇಳಿಜಾರು ಎಷ್ಟು ಅಂತ ನಿಮಗೆ ಕಲಿಸ್ತಾರೆ. ‘ಇದು ಕಟ್ಟಿಕೊಂಡಾಗ ಇಳಿಯೋರು ಯಾರು?’ ಎಂಬ ಪ್ರಶ್ನೆ ಪರೀಕ್ಷೆಗೆ ಬರೋದಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ನೀವೇ ಕೇಳಿ. ಅಪ್ಪನ ಕೆಲಸವನ್ನು ಹಾಸ್ಟೆಲ್ಲಿನಲ್ಲಿ ಮುಚ್ಚಿಡೋ ಹುಡುಗ ಆ ಪ್ರಶ್ನೆ ಕೇಳಿದ ದಿನ ಬೇರೆಯೇ ಮನುಷ್ಯನಾಗ್ತಾನೆ. ನಾಚಿಕೆ ಅವನದಲ್ಲ, ನಕ್ಷೆ ಬರೆದವನದು ಅಂತ ಅವನಿಗೆ ತಿಳೀತದೆ. ಅಂಥವನು ಇಂಜಿನಿಯರಾದರೆ ಮನುಷ್ಯ ಇಳಿಯಬೇಕಾಗದ ಗುಂಡಿಯ ನಕ್ಷೆ ಬರೀತಾನೆ. ವಕೀಲನಾದರೆ ಆ ಕಾಯ್ದೆಯ ತೂತು ಹಿಡೀತಾನೆ. ಆಫೀಸರಾದರೆ ಯಂತ್ರವಿಲ್ಲದ ಟೆಂಡರಿಗೆ ರುಜು ಹಾಕೋದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಮರೀಬೇಡಿ: ಯಂತ್ರ ಬಂದ ಮೇಲೆ ಅದರ ಮಾಲೀಕ ಯಾರು? 2019ರಲ್ಲಿ ದೆಹಲಿಯಲ್ಲಿ 200 ಯಂತ್ರಗಳಿಗೆ ಸಫಾಯಿ ಕೆಲಸದವರನ್ನೇ ಮಾಲೀಕರನ್ನಾಗಿ ಮಾಡೋ ಯೋಜನೆ ತಂದರು. ಗುಂಡಿಯಿಂದ ಎದ್ದವನ ಕೈಗೆ ಸ್ಟೀರಿಂಗ್ ಸಿಗಬೇಕು. ಇಲ್ಲದಿದ್ದರೆ ಯಂತ್ರ ಬಂದ ದಿನ ಅವನ ಅನ್ನ ಹೋಗ್ತದೆ.

ಓದಿ ಗೆಳೆಯರೆ, ಚೆನ್ನಾಗಿ ಓದಿ. ಪ್ರತಿ ಯಂತ್ರದ ಮುಂದೆ ನಿಂತು ಕೇಳಿ: ಇಳಿಯೋರು ಯಾರು?

ಜೈ ಭೀಮ್.