ಕಡಲೂರಿನ ಕಡಲ ಕಾಳಗ

ತಳಕಿನಿಂದ ಪೂರ್ವಕ್ಕೆ ನಡೆದರೂ ಪಶ್ಚಿಮಕ್ಕೆ ನಡೆದರೂ ಕಡಲು ಬಲು ದೂರ. ಕೆರೆ ತುಂಬಿದ ವರ್ಷವನ್ನೇ ಸುಭಿಕ್ಷವೆಂದು ನೆನೆಯುವ ಈ ಸೀಮೆಯಲ್ಲಿ ಹಡಗುಗಳ ಯುದ್ಧದ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ತಳಕಿನ ಮನೆತನದವರಾದ ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು ಓದಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಮನೆಮನೆಯಲ್ಲಿಯೂ ಉಂಟು. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ಕೈಸೇರಿ ಮದಕರಿ ನಾಯಕನು ಶ್ರೀರಂಗಪಟ್ಟಣಕ್ಕೆ ಸೆರೆಹೋದಲ್ಲಿಗೆ ನಮ್ಮ ಕಥೆ ಮುಗಿಯುತ್ತದೆ. ಗೆದ್ದವನ ಕಥೆಯಾದರೋ ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಅದು ಹೋಗಿ ಮುಟ್ಟುವುದು ಸಮುದ್ರವನ್ನೇ.

ಅದೇ 1779ರಲ್ಲಿ ಆಂಗ್ಲೇಯರು ಮಲೆಯಾಳ ತೀರದಲ್ಲಿದ್ದ ಫ್ರೆಂಚರ ಮಾಹೆ ಎಂಬ ರೇವನ್ನು ಹಿಡಿದರು. ಹೈದರನಿಗೆ ಫ್ರೆಂಚರ ಮದ್ದುಗುಂಡುಗಳು ಬರುತ್ತಿದ್ದುದು ಆ ರೇವಿನ ಮೂಲಕ. ಅವನ ಕೋಪಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಈ ಒಂದು ಪೆಟ್ಟು ಅವನಿಗೆ ಸಹಿಸದಾಯಿತು. 1780ರ ಜುಲೈ ತಿಂಗಳಲ್ಲಿ ಎಂಬತ್ತು ಸಾವಿರದಷ್ಟು ಸೈನ್ಯದೊಡನೆ ಘಟ್ಟವಿಳಿದು ಆರ್ಕಾಟಿನ ಸೀಮೆಯನ್ನು ತುಳಿದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ಸಂಪೂರ್ಣವಾಗಿ ನಾಶವಾಯಿತು. ಹತ್ತಿರದಲ್ಲಿಯೇ ಇದ್ದ ಮನ್ರೋ ಸೇನಾನಿಯು ತನ್ನ ದೊಡ್ಡ ಫಿರಂಗಿಗಳನ್ನು ಕಂಚಿಯ ಕೆರೆಗೆ ನೂಕಿಸಿ ಮದರಾಸಿಗೆ ಹಿಮ್ಮೆಟ್ಟಿದನು. ನೆಲದ ಮೇಲೆ ನೋಡಿದರೆ ಯುದ್ಧವು ಅಲ್ಲಿಯೇ ಮುಗಿದಂತಿದ್ದಿತು.

ಮುಗಿಯದೆ ಹೋದುದೇಕೆ? ನಮ್ಮ ಹಿಂದಿನವರು ಸೈನ್ಯವನ್ನು ಸಾಮಾನ್ಯವಾಗಿ ಚತುರಂಗವೆಂದೇ ಎಣಿಸಿದರು: ಆನೆ, ಕುದುರೆ, ರಥ, ಕಾಲಾಳು. ಕೌಟಿಲ್ಯನು ನಾವಧ್ಯಕ್ಷನೆಂಬ ಅಧಿಕಾರಿಯನ್ನು ಹೇಳುತ್ತಾನೆ, ನಿಜ. ಆದರೆ ಅವನ ಕೆಲಸದಲ್ಲಿ ಹೆಚ್ಚಿನದು ಸುಂಕವೂ ದೋಣಿಯ ಕೂಲಿಯೂ. ಪುಲಕೇಶಿಯು ನೂರಾರು ನೌಕೆಗಳಿಂದ ಪುರಿಯನ್ನು ಮುತ್ತಿದನೆಂದು ರವಿಕೀರ್ತಿಯು 634ರ ಐಹೊಳೆಯ ಶಾಸನದಲ್ಲಿ ಹೊಗಳಿರುವುದು ಕನ್ನಡಿಗರಿಗೆ ಹೆಮ್ಮೆಯ ಮಾತೇ ಸರಿ. ಆ ವಿದ್ಯೆಯು ನಮ್ಮಲ್ಲಿ ಮುಂದೆ ಬೆಳೆಯಲಿಲ್ಲವೆಂಬುದು ಮಾತ್ರ ವ್ಯಸನದ ಸಂಗತಿ. ಹೈದರನು ಇದಕ್ಕೆ ಅಪವಾದವಾಗಲು ಯತ್ನಿಸಿದನು. 1763ರಲ್ಲಿ ಬಿದನೂರು ಕೈಸೇರಿದೊಡನೆ ಮಂಗಳೂರು ಮೊದಲಾದ ರೇವುಗಳು ಅವನವಾದುವು; ಅಲ್ಲಿ ಯುದ್ಧದ ಹಡಗುಗಳನ್ನೂ ಕಟ್ಟಿಸಿದನು.

ಈ ಸ್ಥಳದಲ್ಲಿ ಗಾಳಿಯ ವಿಷಯವನ್ನು ಸ್ವಲ್ಪ ಹೇಳಬೇಕು. ಚೋಳಮಂಡಲದ ಕರೆಯಲ್ಲಿ ಹಡಗುಗಳಿಗೆ ಆಸರೆಯಾದ ಒಳ್ಳೆಯ ಬಂದರಿಲ್ಲ. ಹಿಂಗಾರು ಹಿಡಿಯಿತೆಂದರೆ ಆಂಗ್ಲೇಯರ ನೌಕಾಬಲವು ಮದರಾಸನ್ನು ಬಿಟ್ಟು ಸುತ್ತುಬಳಸಿ ಮುಂಬಯಿಗೆ ಹೋಗಲೇಬೇಕು. ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಎಂಬವನು ಹಾಗೆ ಹೋಗಿದ್ದಾಗಲೇ, 1780ರ ಡಿಸೆಂಬರ್ ತಿಂಗಳಲ್ಲಿ, ಮಂಗಳೂರಿನ ರೇವಿನೊಳಕ್ಕೆ ದೋಣಿಗಳನ್ನು ಕಳುಹಿ ಹೈದರನ ಹಡಗುಗಳನ್ನು ಸುಡಿಸಿದನು. ವರ್ಷಗಳ ಪರಿಶ್ರಮವು ಅಲ್ಪಕಾಲದಲ್ಲಿ ಬೂದಿಯಾಯಿತು. ಅಲ್ಲಿಂದ ಮುಂದೆ ಹೈದರನು ಕಡಲಿನ ಮೇಲೆ ಪರರ ದಾಕ್ಷಿಣ್ಯದಲ್ಲಿಯೇ ನಿಲ್ಲಬೇಕಾಯಿತು.

ಆ ಪರರು ಮಾಡಿದುದನ್ನಾದರೂ ನೋಡಿರಿ. 1781ರ ಫೆಬ್ರವರಿಯಲ್ಲಿ ಸರ್ ಐರ್ ಕೂಟನ ಸೈನ್ಯವು ಕಡಲೂರಿನ ಬಳಿ ಬೀಡುಬಿಟ್ಟಿದ್ದಿತು. ಸುತ್ತಲಿನ ನಾಡನ್ನೆಲ್ಲ ಹೈದರನು ಹಾಳುಗೆಡವಿದ್ದನಾದುದರಿಂದ ಕೂಟನಿಗೆ ಅಕ್ಕಿಯ ಕಾಳೊಂದು ಬರಬೇಕಾದರೂ ಕಡಲಿನಿಂದಲೇ ಬರಬೇಕು. ಹ್ಯೂಸನು ಇನ್ನೂ ಪಶ್ಚಿಮದ ಕಡೆಯಲ್ಲಿದ್ದನು. ಅಷ್ಟರಲ್ಲಿ ದೋರ್ವ್ ಎಂಬವನ ಕೈಕೆಳಗಿನ ಫ್ರೆಂಚ್ ಹಡಗುಗಳು ತೀರಕ್ಕೆ ಬಂದುವು. ನೆಲದಲ್ಲಿ ಹೈದರ, ನೀರಿನಲ್ಲಿ ಫ್ರೆಂಚರು, ನಡುವೆ ಹಸಿದ ಸೈನ್ಯ! ಕೆಲವು ವಾರ ಸುಮ್ಮನೆ ಲಂಗರು ಹಾಕಿದ್ದರೆ ಸಾಕಾಗುತ್ತಿದ್ದಿತು. ಹೈದರನು ಬೇಡಿಕೊಂಡರೂ ಕೇಳದೆ ಆ ಮಹಾಶಯನು ಫೆಬ್ರವರಿ ನಡುವಿನಲ್ಲಿ ಹಾಯಿಯೆತ್ತಿ ಮಾರಿಷಸ್ ದ್ವೀಪಕ್ಕೆ ಹೊರಟುಹೋದನು. ಕೂಟನಿಗೆ ಧಾನ್ಯ ಬಂದಿತು. ಜುಲೈ 1ರಂದು ಪರಂಗಿಪೇಟೆಯಲ್ಲಿ ಅವನು ಹೈದರನನ್ನು ಸೋಲಿಸಿದನು. ಈ ಯುದ್ಧದ ನಿರ್ಣಾಯಕವಾದ ನೌಕಾಯುದ್ಧ ಯಾವುದೆಂದು ನನ್ನನ್ನು ಕೇಳಿದರೆ, ಒಂದು ಗುಂಡೂ ಹಾರದೆ ಹೋದ ಆ ಫೆಬ್ರವರಿಯದೇ ಎನ್ನುತ್ತೇನೆ. ತಾನು ಆಂಗ್ಲೇಯರನ್ನು ನೆಲದ ಮೇಲೆ ಕೆಡಿಸಬಲ್ಲೆನೇ ಹೊರತು ಸಮುದ್ರವನ್ನು ಬತ್ತಿಸಲಾರೆನೆಂಬ ಅರ್ಥದ ಮಾತನ್ನು ಹೈದರನು ಆಡಿದನೆಂದು ಇತಿಹಾಸಕಾರನಾದ ವಿಲ್ಕ್ಸನು ಬರೆದಿದ್ದಾನೆ.

ಮರುವರ್ಷ ಬಂದವನು ಬೇರೆಯೇ ಧಾತುವಿನವನು. ಸುಫ್ರೆನನು ಸ್ಥೂಲಕಾಯ, ಉಡುಪಿನಲ್ಲಿ ಅಲಕ್ಷ್ಯ, ಮಾತಿನಲ್ಲಿ ಒರಟ. ಆದರೆ ಹಡಗುಗಳನ್ನು ನಡೆಸುವುದರಲ್ಲಿ ಅವನಿಗೆ ಸಮಾನರು ವಿರಳ. 1782ರ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣ, ತಿರುಕೋಣಮಲೆಗಳ ಬಳಿ ನಾಲ್ಕು ಸಲ ಹ್ಯೂಸನ ಮೇಲೆ ಬಿದ್ದನು. ಒಂದರಲ್ಲಿಯೂ ಜಯಾಪಜಯ ನಿರ್ಧಾರವಾಗಲಿಲ್ಲ. ಆದರೆ ತಿರುಕೋಣಮಲೆಯ ಬಂದರು ಅವನ ವಶವಾಯಿತು. ಪೂರ್ವತೀರಕ್ಕೆ ಹತ್ತಿರದ ಆಸರೆಯೆಂದರೆ ಅದೊಂದೇ. ಅದೇ ಜುಲೈಯಲ್ಲಿ ಕಡಲೂರಿನ ಬಳಿ ಹೈದರನು ಅವನನ್ನು ಮಹಾಮರ್ಯಾದೆಯಿಂದ ಬರಮಾಡಿಕೊಂಡನು. ನೆಲದ ಹಾಸಿನ ಮೇಲೆ ಕುಳಿತುಕೊಳ್ಳಲು ಆ ದೇಹಕ್ಕೆ ಕಷ್ಟವಾದುದನ್ನು ಕಂಡು ಲೋಡುಗಳನ್ನು ತರಿಸಿಕೊಟ್ಟನಂತೆ! ಡಿಸೆಂಬರ್ 7ರಂದು ಹೈದರನು ತೀರಿಕೊಂಡನು.

1783ರ ಜೂನ್ ತಿಂಗಳಿಗೆ ಕಡಲೂರಿನ ಸ್ಥಿತಿ ತಿರುವುಮುರುವಾಗಿದ್ದಿತು. ಕೋಟೆಯೊಳಗೆ ಮುದುಕನೂ ರೋಗಿಯೂ ಆದ ಬುಸ್ಸಿಯ ಫ್ರೆಂಚರು; ಹೊರಗೆ ಸ್ಟುಅರ್ಟ್ ಸೇನಾನಿಯ ಮುತ್ತಿಗೆ. 13ರಂದು ನಡೆದ ಕಾಳಗದಲ್ಲಿ ಸ್ಟುಅರ್ಟನ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ಸಾವಿರದಷ್ಟು ಮಂದಿ. ಅವನಿಗೂ ಅನ್ನ ಬರಬೇಕಾದುದು ಕಡಲಿನಿಂದಲೇ. ಹ್ಯೂಸನ ಬಳಿ 18 ದೊಡ್ಡ ಹಡಗುಗಳು, ಸುಫ್ರೆನನ ಬಳಿ 15. ಆದರೆ ಹ್ಯೂಸನ ನಾವಿಕರನ್ನು ಸ್ಕರ್ವಿ ಎಂಬ ರೋಗ ಹಿಡಿದಿದ್ದಿತು. ಹಸಿಯ ಕಾಯಿಪಲ್ಯ ಹಣ್ಣುಗಳಿಲ್ಲದೆ ತಿಂಗಳುಗಟ್ಟಲೆ ಒಣರೊಟ್ಟಿ, ಉಪ್ಪುಮಾಂಸಗಳನ್ನೇ ತಿನ್ನುವವರಿಗೆ ಒಸಡು ಕೊಳೆತು ರಕ್ತ ಸುರಿದು ಮೈಯೇ ಕುಸಿಯುವ ವ್ಯಾಧಿಯದು. ನಮ್ಮ ಅಡಿಗೆಯ ಮನೆಯ ನಿಂಬೆಯ ಹಣ್ಣೇ ಅದಕ್ಕೆ ಮದ್ದು. ಕುಡಿಯುವ ನೀರಿಗೂ ತತ್ವಾರವಾಗಿದ್ದಿತು. ಸುಫ್ರೆನನಿಗಾದರೋ ಜನವೇ ಸಾಲದು. ಕೋಟೆಯಿಂದ ಯೂರೋಪಿಯನರೂ ಸಿಪಾಯಿಗಳೂ ಸೇರಿದ ಸುಮಾರು 1200 ಜನರನ್ನು ಎರವಲು ಪಡೆದು ಫಿರಂಗಿಗಳ ಬಳಿ ನಿಲ್ಲಿಸಿದನು.

ಅನುಕೂಲವಾದ ಗಾಳಿಗಾಗಿ ಎರಡು ಪಕ್ಷದವರೂ ಕೆಲವು ದಿನ ಸುಳಿದಾಡಿದರು. 20ರ ಸಂಜೆ ನಾಲ್ಕರ ಸುಮಾರಿಗೆ ಸಾಲಿಗೆ ಸಾಲು ಎದುರಾಗಿ ಕತ್ತಲಾಗುವವರೆಗೆ ಗುಂಡಿನ ಮಳೆ ಸುರಿಯಿತು. ಅಮೆರಿಕದ ಕಡೆ ದ ಗ್ರಾಸ್ ಎಂಬ ನೌಕಾಧಿಪತಿಯು ಹಿಂದಿನ ವರ್ಷ ಸೆರೆಸಿಕ್ಕಿದ್ದರಿಂದ, ಮುಖ್ಯಾಧಿಪತಿಯು ಕಾಳಗದ ಕಾಲದಲ್ಲಿ ಸಣ್ಣ ಹಡಗಿನಲ್ಲಿಯೇ ನಿಂತು ಆಜ್ಞೆ ಕೊಡಬೇಕೆಂದು ಫ್ರೆಂಚ್ ದೊರೆಯ ಅಪ್ಪಣೆಯಾಗಿದ್ದಿತು. ಮುನ್ನುಗ್ಗುವ ಸ್ವಭಾವದ ಸುಫ್ರೆನನೂ ಅದಕ್ಕೆ ತಲೆಬಾಗಬೇಕಾಯಿತು. ಎರಡು ಕಡೆಯೂ ನೂರು ನೂರು ಜನದಷ್ಟು ಸತ್ತರು. ಒಂದು ಹಡಗೂ ಮುಳುಗಲಿಲ್ಲ. ಆದರೂ ಹ್ಯೂಸನು ಮದರಾಸಿಗೆ ಹೊರಟುಹೋದನು. ಸುಫ್ರೆನನು ಕಡಲೂರಿನ ಮುಂದೆ ಲಂಗರಿಳಿಸಿ, ಎರವಲು ತಂದ ಜನರನ್ನು ಹಿಂದಿರುಗಿಸಿದುದಲ್ಲದೆ ತನ್ನವರನ್ನೂ ಕೋಟೆಗೆ ಸೇರಿಸಿದನು. ಮುತ್ತಿದವನೇ ಈಗ ಮುತ್ತಿಗೆಗೆ ಸಿಕ್ಕಿದಂತಾಯಿತು. 25ರಂದು ಫ್ರೆಂಚರು ಕೋಟೆಯಿಂದ ಹೊರಬಿದ್ದು ಮಾಡಿದ ದಾಳಿ ಫಲಿಸಲಿಲ್ಲವೆಂಬುದು ಸತ್ಯ. ಆದರೆ ಅನ್ನದ ದಾರಿ ಮುಚ್ಚಿದ ಸೈನ್ಯ ಎಷ್ಟು ದಿನ ನಿಂತೀತು?

ಆ ಜೂನ್ ತಿಂಗಳ ಕೊನೆಯಲ್ಲಿಯೇ ಮದರಾಸಿನಿಂದ ಸಂಧಿಯ ಬಾವುಟ ಹಾರಿಸಿಕೊಂಡು ಹಡಗೊಂದು ಬಂದಿತು. ಆಂಗ್ಲೇಯರಿಗೂ ಫ್ರೆಂಚರಿಗೂ ಪ್ರಾರಂಭದ ಸಂಧಿಪತ್ರಕ್ಕೆ ವರ್ಸೈಲ್ಸಿನಲ್ಲಿ ರುಜುವಾದುದು 1783ರ ಜನವರಿ 20ರಂದು. ಕಾಗದವು ಭರತಖಂಡವನ್ನು ಮುಟ್ಟುವಷ್ಟರಲ್ಲಿ ಐದು ತಿಂಗಳು ಕಳೆದಿದ್ದುವು. ಕಡಲೂರಿನ ಹೆಣಗಳೆಲ್ಲವೂ ಸಂಧಿಯಾದ ಮೇಲೆ ಬಿದ್ದ ಹೆಣಗಳು.

ಮಂಗಳೂರಿನ ಕೋಟೆಯನ್ನು ಆಗ ಮುತ್ತಿದ್ದ ಟಿಪ್ಪುವಿನ ಪಾಳೆಯದಿಂದ ಫ್ರೆಂಚರ ದಂಡು ಕದನವನ್ನು ಬಿಟ್ಟು ಸರಿಯಿತು. ಅವನನ್ನು ಕೇಳಿದವರಿಲ್ಲ. ಒಬ್ಬನೇ ಮುಂದುವರಿಸಿ ಕೋಟೆಯನ್ನು 1784ರ ಜನವರಿಯಲ್ಲಿ ಪಡೆದನು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಗಿ ಗೆದ್ದ ಸ್ಥಳಗಳನ್ನು ಪರಸ್ಪರ ಹಿಂದಿರುಗಿಸಿದರು. ನೆಲದಲ್ಲಿ ನಾಲ್ಕು ವರ್ಷ ಕಾದಾಡಿದ ಮೈಸೂರಿಗೆ ಒಂದು ಮೊಳ ಭೂಮಿಯೂ ಹೆಚ್ಚಲಿಲ್ಲ.

ಹಡಗಿಲ್ಲದ ಕೊರತೆಯನ್ನು ಟಿಪ್ಪುವು ಬಲ್ಲನು. 1796ರಲ್ಲಿ ದೊಡ್ಡ ನೌಕಾಬಲವನ್ನು ಕಟ್ಟುವ ಏರ್ಪಾಡಿಗೆ ತೊಡಗಿದನು. ಆದರೆ 1799ರಲ್ಲಿ ಶ್ರೀರಂಗಪಟ್ಟಣವೇ ಬಿದ್ದಿತು. ಒಪ್ಪಂದವಾದ ವರ್ಷವೇ, ಗುರುಪುರದ ಹೊಳೆಯೊಳಕ್ಕೆ ಯುದ್ಧದ ಹಡಗುಗಳು ನುಗ್ಗದಂತೆ ತಡೆಯಲು, ಅವನು ಮಂಗಳೂರಿನ ಬೋಳೂರಿನಲ್ಲಿ ಕಟ್ಟಿಸಿದ ಕರಿಗಲ್ಲಿನ ಕಾವಲುಗೋಪುರವು ಇಂದಿಗೂ ನಿಂತಿದೆ. ಸುಲ್ತಾನ್ ಬತ್ತೇರಿಯೆಂದು ಕೇಳಿದರೆ ಯಾರಾದರೂ ದಾರಿ ತೋರುತ್ತಾರೆ. ಗೋಡೆಯಲ್ಲಿ ಫಿರಂಗಿಯ ಕಂಡಿಗಳಿವೆ, ಕೆಳಗೆ ಮದ್ದಿನ ನೆಲಮಾಳಿಗೆಯಿದೆ. ಮೆಟ್ಟಿಲೇರಿದರೆ ಹೊಳೆ ಕಾಣುತ್ತದೆ.