ನಿವೃತ್ತಿ ಇಲ್ಲದವರ ಮುಪ್ಪು

ವಯಸ್ಸಾದವರಿಗೆ ಕೆಲಸ ಕೊಡಬೇಕೇ, ವಿಶ್ರಾಂತಿ ಕೊಡಬೇಕೇ ಎಂಬ ಚರ್ಚೆ ಹುಟ್ಟಿದ್ದು ಸಂಬಳದ ನೌಕರಿಯೇ ಬದುಕಿಗೆ ಆಧಾರವಾಗಿರುವ ದೇಶಗಳಲ್ಲಿ. ಜಪಾನಿನಲ್ಲಿ 65 ದಾಟಿದವರು ಜನಸಂಖ್ಯೆಯ ಶೇ 29ರಷ್ಟಿದ್ದಾರೆ. ನೌಕರರಿಗೆ 70ರವರೆಗೂ ಅವಕಾಶ ಕೊಡಲು ಕಂಪನಿಗಳು ಯತ್ನಿಸಬೇಕೆಂದು 2021ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು ಹೇಳುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗದು. ಸರ್ಕಾರಿ ನೌಕರರು, ಬ್ಯಾಂಕಿನವರು, ಕಾರ್ಖಾನೆಯ ಕಾಯಂ ನೌಕರರು ಇವರನ್ನು ಬಿಟ್ಟರೆ ಇಲ್ಲಿ ಯಾರೂ ನಿವೃತ್ತರಾಗುವುದೇ ಇಲ್ಲ. ಗದ್ದೆಗೆ ಹೋಗುತ್ತಿದ್ದವರು ಮಂಡಿ ಹಿಡಿದ ಮೇಲೆ ಹಿತ್ತಿಲಿಗೆ ಬರುತ್ತಾರೆ, ಹಿತ್ತಿಲಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಜಗುಲಿಗೆ. ಇಂಥವರ ವಿಷಯದಲ್ಲಿ ಕೇಳಬೇಕಾದದ್ದು ಎರಡು: ದುಡಿದ ದುಡ್ಡು ಯಾರ ಕೈ ಸೇರುತ್ತದೆ, ಸಾಕು ಎನಿಸಿದ ದಿನ ಸುಮ್ಮನೆ ಕೂರುವ ಸ್ವಾತಂತ್ರ್ಯ ಅವರಿಗಿದೆಯೇ?

ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆಗಳು ರಾಜ್ಯದ ಹಲವೆಡೆಗಿಂತ ಮೊದಲೇ ಎದುರಾಗಿವೆ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ, ಮಂಡ್ಯ ಜಿಲ್ಲೆಯದು ಬೆಳೆದದ್ದು ಶೇ 2.4 ಮಾತ್ರ. ಮಕ್ಕಳು ಕಡಿಮೆಯಾದದ್ದು ಒಂದು ಕಾರಣ. ಬೆಂಗಳೂರು ಮದ್ದೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ ಎಂಬುದು ಇನ್ನೊಂದು. ಓದಿದವರು, ಓದದವರು, ಕಾರು ಓಡಿಸಲು ಹೋದವರು, ಗಾರ್ಮೆಂಟ್ಸ್ ಸೇರಿದವರು ಎಲ್ಲರೂ ಅಲ್ಲಿಗೇ ಹೋಗಿ ನೆಲೆ ನಿಂತರು. ಊರಲ್ಲಿ ಉಳಿದ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ರೈತರು ಪಾದಯಾತ್ರೆ ಹೊರಟಾಗ ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯಂತೆ ಬರೆದವು. ಆ ಮನೆಗಳಲ್ಲಿ ಎಪ್ಪತ್ತರ ತಾಯಿ ಈಗಲೂ ಒಲೆಯ ಮುಂದೆಯೇ ಇದ್ದಾಳೆ ಎಂಬುದನ್ನು ಯಾರೂ ಬರೆಯಲಿಲ್ಲ.

ಮುಪ್ಪಿನ ದುಡಿಮೆ ಕಣ್ಣಿಗೆ ಕಾಣುವ ಜಾಗ ಊರಿನ ಡೇರಿ. ಮನ್‌ಮುಲ್ ಎಂದು ಕರೆಯುವ ಜಿಲ್ಲಾ ಹಾಲು ಒಕ್ಕೂಟದ ಘಟಕ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿದೆ. ಹಳ್ಳಿಗಳ ಸಹಕಾರ ಸಂಘಗಳಿಂದ ಎರಡು ಹೊತ್ತೂ ಹಾಲು ಅಲ್ಲಿಗೆ ಹೋಗುತ್ತದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಲ್ಲಿ ನರೆತ ತಲೆಗಳು ಕಡಿಮೆಯೇನಲ್ಲ. ನಾಟಿಗೆ, ಕಬ್ಬು ಕಡಿಯಲು ಆಗದ ಮೈಗೆ ಒಂದು ಸೀಮೆ ಹಸುವನ್ನು ಸಾಕಲು ಆಗುತ್ತದೆ. ಬದುವಿನ ಮೇಲಿನ ಹುಲ್ಲು, ಕಬ್ಬಿನ ಗರಿ, ಮುಸುರೆ ನೀರು ಇವೆಲ್ಲ ಮನೆಯ ಸುತ್ತಲೇ ಸಿಗುತ್ತವೆ. ದಿನಕ್ಕೆ 8 ಲೀಟರ್ ಹಾಲು ಹಾಕುವವರಿಗೆ ಲೀಟರಿಗೆ 30 ರೂಪಾಯಿಯಂತೆ ಹಿಡಿದರೂ ಹದಿನೈದು ದಿನಕ್ಕೆ 3,600 ರೂಪಾಯಿ ಬರುತ್ತದೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಫೀಡು, ಹಿಂಡಿ, ಬೂಸಾ, ಡಾಕ್ಟರು, ಹಸು ಕೊಂಡ ಸಾಲದ ಕಂತು ಎಲ್ಲ ಕಳೆದರೆ ಇದರಲ್ಲಿ ಅರ್ಧ ಉಳಿದರೆ ಪುಣ್ಯ. ಆದರೂ ಹೊತ್ತಿಗೆ ಸರಿಯಾಗಿ ಬರುವ ದುಡ್ಡು ಎಂಬ ಕಾರಣಕ್ಕೆ ಡೇರಿಯ ಬಟವಾಡೆಗೆ ಕಬ್ಬಿನ ಬಿಲ್ಲಿಗೆ ಇಲ್ಲದ ಬೆಲೆಯಿದೆ. ತೊಡಕು ಇರುವುದು ಎರಡು ಕಡೆ. ಹಸುವಿಗೆ ಭಾನುವಾರವಿಲ್ಲ, ಜ್ವರ ಬಂದ ದಿನವೂ ಕರೆಯಲೇಬೇಕು, ಸಗಣಿ ಬಾಚಲೇಬೇಕು. ಮತ್ತೆ, ಹುಲ್ಲು ಕೊಯ್ದು ತರುವುದು ಅಜ್ಜಿ, ಸಂಘದ ಸದಸ್ಯತ್ವ ಮತ್ತು ಬ್ಯಾಂಕ್ ಖಾತೆ ಮಗನದು ಎಂಬಂಥ ಮನೆಗಳಲ್ಲಿ ದುಡಿಮೆಗೂ ದುಡ್ಡಿಗೂ ಸಂಬಂಧವೇ ಇರುವುದಿಲ್ಲ.

ವೃದ್ಧರಲ್ಲಿ ದುಡಿಯುವವರು ಹೆಚ್ಚಿದ್ದಾರೆ ಎಂದ ಮಾತ್ರಕ್ಕೆ ಅವರು ಚೆನ್ನಾಗಿದ್ದಾರೆ ಎಂದು ಹೇಳಲಾಗದು. ದಕ್ಷಿಣ ಕೊರಿಯಾದಲ್ಲಿ 65 ದಾಟಿದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಕೆಲಸದಲ್ಲಿದ್ದಾರೆ. ಮುಂದುವರಿದ ದೇಶಗಳ ಪೈಕಿ ವೃದ್ಧರ ಬಡತನ ಅತಿ ಹೆಚ್ಚಿರುವುದೂ ಅಲ್ಲಿಯೇ. ಭಾರತದಲ್ಲಿ 2017–18ರಲ್ಲಿ ನಡೆದ ವೃದ್ಧಾಪ್ಯದ ರಾಷ್ಟ್ರೀಯ ಸಮೀಕ್ಷೆಯೂ 60 ದಾಟಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ದುಡಿಯುತ್ತಿರುವುದನ್ನು ಕಂಡಿತು. ಅಭ್ಯಾಸಕ್ಕೆ, ಆಸಕ್ತಿಗೆ ದುಡಿಯುವವರನ್ನೂ ಬೇರೆ ದಾರಿಯಿಲ್ಲದೆ ದುಡಿಯುವವರನ್ನೂ ಇಂಥ ಲೆಕ್ಕ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಇವರನ್ನು ಬೇರ್ಪಡಿಸಿ ನೋಡಲು ಒಂದು ಸರಳ ಪರೀಕ್ಷೆ ಸಾಕು: ಒಂದು ಹಂಗಾಮು ಕೆಲಸ ನಿಲ್ಲಿಸಿದರೆ ಮನೆ ನಡೆಯುತ್ತದೆಯೇ?

ಈ ಪರೀಕ್ಷೆಗೆ ಬೆಳೆಗಳನ್ನೂ ಒಡ್ಡಬಹುದು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಮಂಡ್ಯವೆಂದರೆ ಕಬ್ಬು ಎಂದಾಯಿತು. ಆದರೆ ಕಬ್ಬು ಗಟ್ಟಿಮುಟ್ಟಾದವರ ಬೆಳೆ. ವರ್ಷವಿಡೀ ಕಾಯಬೇಕು, ಕಟಾವಿಗೆ ಹೊರಗಿನ ಗ್ಯಾಂಗಿನ ಕಾಲು ಹಿಡಿಯಬೇಕು, ಆಮೇಲೆ ಬಿಲ್ಲಿಗಾಗಿ ಅಲೆಯಬೇಕು. 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ, ಬಾಕಿ ಹಣಕ್ಕಾಗಿ ಹೆದ್ದಾರಿ ತಡೆದ ಚಳವಳಿಗಳು ಈ ಜಿಲ್ಲೆಗೆ ಹೊಸತಲ್ಲ. ಮೈಷುಗರ್ ಎಂದು ಕರೆಯುವ ಆ ಸಕ್ಕರೆ ಕಂಪನಿಯ ಕಾರ್ಖಾನೆ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗುವವರೆಗೆ ರೈತರು ಕೊಪ್ಪ, ಕೆ.ಎಂ. ದೊಡ್ಡಿಯ ಖಾಸಗಿ ಕಾರ್ಖಾನೆಗಳ ಬಾಗಿಲು ಕಾದರು. ನಾಲೆಯ ಕೊನೆ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರು ಬರುವುದೇ ತಡ. ರಾತ್ರಿ ಹೊತ್ತು ಟಾರ್ಚ್ ಹಿಡಿದು ತೂಬು ಕಾಯುವ ಕೆಲಸ ಎಪ್ಪತ್ತರವರಿಗೆ ಹೇಳಿದ್ದಲ್ಲ.

ತೆಂಗು ಬೇರೆ ಬಗೆ. ಮದ್ದೂರಿನ ಎಪಿಎಂಸಿಯ ಎಳನೀರು ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ಇಲ್ಲಿಂದ ಲಾರಿಗಳು ಮುಂಬೈ, ದೆಹಲಿಯವರೆಗೂ ಹೋಗುತ್ತವೆ. ವ್ಯಾಪಾರಿ ತನ್ನ ಆಳುಗಳೊಂದಿಗೆ ತೋಟಕ್ಕೇ ಬರುತ್ತಾನೆ, ಮರ ಹತ್ತಿ ಗೊನೆ ಇಳಿಸುವುದು, ಹೊರುವುದು, ಲೋಡು ಮಾಡುವುದು ಅವನ ಕೆಲಸ. ಮನೆಯ ಹಿರಿಯ ಬದುವಿನ ಮೇಲೆ ನಿಂತು ಎಣಿಸಿದರೆ ಆಯಿತು. ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕೈಗೆ ದುಡ್ಡು. ಕೂಲಿಯಾಳು ಸಿಗದ್ದರಿಂದ ಗದ್ದೆ ಬಯಲಿಗೆ ತೆಂಗು ಇಟ್ಟರು ಎಂದು ಕೃಷಿ ಇಲಾಖೆಯವರು ವಿವರಿಸುತ್ತಾರೆ. ಅದು ನಿಜವೇ. ಜೊತೆಗೆ, ನಲವತ್ತೈದು ಐವತ್ತರ ವಯಸ್ಸಿನಲ್ಲಿ ತೆಂಗಿನ ಸಸಿ ನೆಟ್ಟವರು ತಿಳಿದೋ ತಿಳಿಯದೆಯೋ ತಮ್ಮ ಮುಪ್ಪಿಗೆ ಪಿಂಚಣಿ ಕಟ್ಟಿಕೊಂಡರು ಎಂದೂ ಹೇಳಬಹುದು. ಈ ಪಿಂಚಣಿಗೂ ಅಪಾಯಗಳುಂಟು. ಬಿಳಿನೊಣ, ಕಪ್ಪುತಲೆ ಹುಳು, ಕೆಂಪುಮೂತಿ ಹುಳು ಹೊಕ್ಕ ತೋಟ ನೋಡನೋಡುತ್ತ ಸೊರಗುತ್ತದೆ. ಮಳೆಗಾಲದಲ್ಲಿ ಎಳನೀರಿನ ದರ ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಜಮೀನು ಮತ್ತು ಕೊಳವೆಬಾವಿ ಇರುವವರ ಮಾತು. ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತು ಸೊಂಟ ಬಗ್ಗಿದವರಿಗೆ ತೆಂಗಿನ ಮರ ಎಲ್ಲಿಂದ ಬರಬೇಕು? 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ವಯಸ್ಸಿಗೆ ಮೇಲ್ಮಿತಿ ಇರಲಿಲ್ಲವಾಗಿ, ಅಂಥವರೂ ಕೆರೆ ಹೂಳೆತ್ತುವ ಕೆಲಸಕ್ಕೆ ಹೋದರು.

ಸಣ್ಣ ವ್ಯಾಪಾರವೂ ಹಿರಿಯರಿಗೆ ಒಗ್ಗುವ ಕಸುಬು. ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಎಳನೀರು, ಸೌತೆಕಾಯಿ, ಕಡಲೆಕಾಯಿ ಮಾರುತ್ತಿದ್ದವರಿಗೆ ಬಂಡವಾಳ ಹೆಚ್ಚು ಬೇಕಿರಲಿಲ್ಲ, ಓಡಾಟವೂ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಮದ್ದೂರನ್ನೂ ಮಂಡ್ಯವನ್ನೂ ಹೊರಗಿನಿಂದಲೇ ದಾಟಿ ಹೋಗುತ್ತಿವೆ. ಜಮೀನು ಹೋದವರಿಗೆ ಪರಿಹಾರ ಬಂತು. ಗಿರಾಕಿ ಹೋದವರಿಗೆ ಪರಿಹಾರ ಎಂಬ ಕಲ್ಪನೆಯೇ ಕಾನೂನಿನಲ್ಲಿಲ್ಲ.

ಸಂಬಳದ ಕೆಲಸ ಮಾಡಿದವರೆಲ್ಲ ಪಾರಾದರು ಎನ್ನುವಂತಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಎಂದು ಗೊತ್ತು ಮಾಡಲಾಯಿತು. ಅದು ಸಿಗುವುದು 58 ತುಂಬಿದವರಿಗೆ, ಹತ್ತು ವರ್ಷ ಸೇವೆ ಆಗಿದ್ದರೆ. ಗಾರ್ಮೆಂಟ್ಸ್ ಹೆಂಗಸರು ಅಷ್ಟು ಕಾಲ ಹೊಲಿಗೆ ಯಂತ್ರದ ಮುಂದೆ ಕೂರುವುದು ಅಪರೂಪ. ಮಕ್ಕಳ ಫೀಸಿಗೆ, ಮದುವೆಗೆ ಎಂದು ನಡುವೆಯೇ ಪಿಎಫ್ ಬಿಡಿಸಿಕೊಳ್ಳುತ್ತಾರೆ, ಅಲ್ಲಿಗೆ ಪಿಂಚಣಿಯ ಲೆಕ್ಕವೂ ಮುಗಿಯುತ್ತದೆ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು, ಕೇಂದ್ರ ಸರ್ಕಾರ ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ದೆಹಲಿಯ ಲೆಕ್ಕದಲ್ಲಿ ಆ ನಿಯಮ ಮುಪ್ಪಿನ ರಕ್ಷಣೆ. ನಲವತ್ತಕ್ಕೇ ಕಣ್ಣು ಮಂಜಾಗುವ ಕಸುಬಿನಲ್ಲಿರುವವರಿಗೆ 58 ಎಂಬುದು ಎಂದೂ ಬಾರದ ದಿನ.

ಹೀಗೆ ಎಲ್ಲ ದಾರಿಗಳೂ ಕೊನೆಗೆ ಬಂದು ಸೇರುವುದು ಸರ್ಕಾರದ ಪಿಂಚಣಿಗೆ. ಬಡತನ ರೇಖೆಯ ಕೆಳಗಿನ 60ರಿಂದ 79 ವರ್ಷದವರ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಏರಿಲ್ಲ. ಉಳಿದದ್ದನ್ನು ರಾಜ್ಯ ತುಂಬುತ್ತದೆ. ಕರ್ನಾಟಕ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರಂಥ 65 ದಾಟಿದವರಿಗೆ ಮೀಸಲು; 2021ರಲ್ಲಿ ಅದರ ಮೊತ್ತ 1,200 ರೂಪಾಯಿಗೆ ಏರಿತು. 2024–25ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅಂದರೆ ಒಂದು ತಿಂಗಳ ಪಿಂಚಣಿ ನಾಲ್ಕು ದಿನದ ಕೂಲಿಗೂ ಸಮವಲ್ಲ. ಅದನ್ನು ಪಡೆಯಲು ಬೇಕಾದ ಓಡಾಟ ಬೇರೆ: ಆದಾಯ ಪ್ರಮಾಣಪತ್ರ, ನಾಡಕಚೇರಿ, ಆಧಾರ್ ಜೋಡಣೆ, ಸವೆದ ಬೆರಳನ್ನು ಗುರುತಿಸದ ಯಂತ್ರ. ಶಾಲೆಯ ಮುಖ ನೋಡದ ತಲೆಮಾರಿನ ಹಲವರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ನೋಂದಣಿಯ ದಿನ ಯಾರೋ ಅಂದಾಜಿನಲ್ಲಿ ಬರೆದ ಇಸವಿ ನಿಜವಾದದ್ದಕ್ಕಿಂತ ಎರಡು ಮೂರು ವರ್ಷ ಮುಂದಿನದಾಗಿದ್ದರೆ ಪಿಂಚಣಿಯೂ ಅಷ್ಟೇ ತಡ.

ಇಷ್ಟು ಅಲ್ಪವಾದರೂ ಪಿಂಚಣಿಗೆ ಬೇರಾವ ಆದಾಯಕ್ಕೂ ಇಲ್ಲದ ಒಂದು ಗುಣವಿದೆ: ಅದು ಹಿರಿಯರ ಹೆಸರಿಗೇ ಬರುತ್ತದೆ, ಕೆಲಸ ಕೇಳುವುದಿಲ್ಲ. ಸರ್ಕಾರ ಕೊಡತೊಡಗಿದರೆ ಮಕ್ಕಳು ನೋಡಿಕೊಳ್ಳುವುದನ್ನು ಬಿಡುತ್ತಾರೆ ಎಂಬ ವಾದ ಹಳೆಯದು. ಮಾತ್ರೆಗೆ, ಎಲೆ ಅಡಿಕೆಗೆ, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ ಇಡುವುದಕ್ಕೆ ಯಾರನ್ನೂ ಕೇಳಬೇಕಿಲ್ಲದ ಹಿರಿಯರಿಗೆ ಮನೆಯಲ್ಲಿ ಮರ್ಯಾದೆ ಕಡಿಮೆಯಾದದ್ದನ್ನು ಮಾತ್ರ ಈ ವಾದ ಮಾಡುವವರು ತೋರಿಸಿಲ್ಲ. ಆದ್ದರಿಂದ ವೃದ್ಧರಿಗಾಗಿ ಹೊಸ ಉದ್ಯೋಗ ಸೃಷ್ಟಿಸುವ ಯೋಜನೆಗಳಿಗಿಂತ, ಬೆಲೆಯೇರಿಕೆಯೊಂದಿಗೆ ತಾನೇ ಏರುವ ಪಿಂಚಣಿ ಈ ತಾಲ್ಲೂಕುಗಳಿಗೆ ಹೆಚ್ಚು ಅಗತ್ಯ.

ಪಿಂಚಣಿಯಂತೆ ಜಮೀನೂ ಹಿರಿಯರಿಗೆ ಮರ್ಯಾದೆ ತರುತ್ತದೆ, ಆದರೆ ಅದನ್ನು ಬರೆದುಕೊಟ್ಟು ಕಳೆದುಕೊಳ್ಳಬಹುದು. ಇಲ್ಲಿನ ಬಹುಪಾಲು ಹಿಡುವಳಿಗಳು ಒಂದು ಹೆಕ್ಟೇರಿಗಿಂತ ಚಿಕ್ಕವು. ಆದರೂ ಪಹಣಿಯಲ್ಲಿ ಹೆಸರು ಇರುವವರೆಗೆ ಹಿರಿಯರ ಮಾತಿಗೆ ತೂಕ. ಬೆಳೆ ಸಾಲ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ವಾರಕ್ಕೋ ಗುತ್ತಿಗೆಗೋ ಕೊಡುವ ಅಧಿಕಾರ ಎಲ್ಲವೂ ಆ ಹೆಸರಿಗೆ ಅಂಟಿಕೊಂಡಿವೆ. ಸಾಲ ತೀರಿಸಲು, ಅಣ್ಣತಮ್ಮಂದಿರ ಜಗಳ ಮುಗಿಸಲು ಎಂದು ಬದುಕಿರುವಾಗಲೇ ದಾನಪತ್ರಕ್ಕೆ ಸಹಿ ಹಾಕಿದವರು ಮರುದಿನದಿಂದ ಸ್ವಂತ ಗದ್ದೆಯಲ್ಲಿ ಬರೀ ಆಳು. ಇಂಥವರಿಗಾಗಿಯೇ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನಾ ಕಾಯ್ದೆ ಬಂತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನವರು ಅರ್ಜಿ ಹಾಕಬೇಕಾದದ್ದು ಮಂಡ್ಯದ ಉಪವಿಭಾಗಾಧಿಕಾರಿಯ ಮುಂದೆ. ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಲು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ಪತ್ರವನ್ನು ರದ್ದು ಮಾಡಲು ಅಲ್ಲಿ ಅವಕಾಶವಿದೆ. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಬಿಗಿಯಾಗಿ ಹೇಳಿತು. ಹಿರಿಯರ ಹಿತಕ್ಕೆ ಒಗ್ಗುವಂತೆ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು 2025ರಲ್ಲಿ ಇನ್ನೊಂದು ಪೀಠ ಹೇಳಿತು. ಮಗನ ಮೇಲೆ ಅರ್ಜಿ ಹಾಕಿ ಸಂಜೆ ಅದೇ ಮನೆಗೆ ಊಟಕ್ಕೆ ಹಿಂತಿರುಗುವುದು ಎಷ್ಟು ಕಷ್ಟ ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ದಾನಪತ್ರದ ಬದಲು ಬೇಕಾದಾಗ ಬದಲಿಸಬಹುದಾದ ಮರಣಶಾಸನ ಬರೆದಿಡುವುದು ಹೆಚ್ಚು ಕ್ಷೇಮ.

ಹೆಂಗಸರಿಗೆ ಕಳೆದುಕೊಳ್ಳಲು ಪಹಣಿಯ ಆ ಸಾಲೂ ಇರುವುದಿಲ್ಲ. ಗಂಡ ತೀರಿಕೊಂಡಾಗ ಹೆಂಡತಿಗೂ ಮಕ್ಕಳಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳಿದರೂ, ಪೌತಿ ಖಾತೆ ಮಾಡಿಸುವಾಗ ತಾಯಿಯ ಹೆಸರು ಬಿಟ್ಟು ಗಂಡುಮಕ್ಕಳ ಹೆಸರಿಗೆ ಬರೆಸುವುದು ರೂಢಿ. ಗಂಡಸರಿಗಿಂತ ಹೆಚ್ಚು ಕಾಲ ಬದುಕುವವರು ಅವರೇ; ಆಸ್ತಿಯಿಲ್ಲದ ಮುಪ್ಪು ಹೆಚ್ಚಾಗಿ ಅವರದೇ ಪಾಲು. ವಿಚಿತ್ರವೆಂದರೆ, ಈಚಿನ ವರ್ಷಗಳಲ್ಲಿ ಅವರ ಕೈಗೆ ಬಂದ ದೊಡ್ಡ ಮೊತ್ತ ವೃದ್ಧಾಪ್ಯದ ಹೆಸರಿನದಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದವರಿಗೆ; ಕೂಡು ಕುಟುಂಬದಲ್ಲಿ ಆಕೆ ಸಾಮಾನ್ಯವಾಗಿ ಅತ್ತೆ. ಸಂಧ್ಯಾ ಸುರಕ್ಷೆಗಿಂತ ದೊಡ್ಡದಾದ ಈ ಮೊತ್ತ ಅನೇಕ ಅಜ್ಜಿಯರ ಪಾಲಿಗೆ ನಿಜವಾದ ಪಿಂಚಣಿಯಾಗಿದೆ. ಆದರೆ ಇದರ ಬುಡ ಇರುವುದು ವಯಸ್ಸಿನಲ್ಲಲ್ಲ, ಚೀಟಿಯಲ್ಲಿ. ಮುಂದೆ ಯಜಮಾನಿಯ ಜಾಗದಲ್ಲಿ ಸೊಸೆಯ ಹೆಸರು ಬಂದರೆ ಆ ದುಡ್ಡೂ ಅವಳದಾಗುತ್ತದೆ, ಕೊಟ್ಟಿಗೆಯ ಕೆಲಸ ಮಾತ್ರ ಅತ್ತೆಗೇ ಉಳಿಯುತ್ತದೆ.